ಮೀನಿಲ್ಲದ ತೊಟ್ಟಿಗೆ ಐದು ವಾರ

ಪದವಿ ಮುಗಿಸಿ, ಸ್ಪರ್ಧಾತ್ಮಕ ಪರೀಕ್ಷೆಯ ಫಲಿತಾಂಶಕ್ಕೆ ಕಾಯುತ್ತ ಊರಲ್ಲೇ ಕೂತಿದ್ದೆ. ನಮ್ಮೂರು ಚಳ್ಳಕೆರೆ ತಾಲ್ಲೂಕಿನ ಕುದಾಪುರ. ಬೇಜಾರು ಕಳೆಯಲೆಂದು ಪೇಟೆಯಿಂದ ಪುಟ್ಟ ಅಕ್ವೇರಿಯಂ, ಜೊತೆಗೆ ನಾಲ್ಕು ಗೋಲ್ಡ್ ಫಿಶ್ ತಂದೆ. ಅಂದು ಸಂಜೆಯೇ ಬೋರ್‌ವೆಲ್ ನೀರು ತುಂಬಿ ಮೀನು ಬಿಟ್ಟೆ. ವಾರದೊಳಗೆ ನಾಲ್ಕೂ ಸತ್ತವು. ನೀರು ಮಾತ್ರ ಕನ್ನಡಿಯಂತೆ ತಿಳಿಯಾಗಿತ್ತು!

ನಮ್ಮೂರಿನ ಐಐಎಸ್‌ಸಿ ಕ್ಯಾಂಪಸ್‌ನಲ್ಲಿ ವಿಜ್ಞಾನ ಶಿಕ್ಷಕರಿಗೆ ತರಬೇತಿ ನಡೆಯುತ್ತದೆ. ಅಲ್ಲಿಗೆ ಹೋಗಿಬಂದಿದ್ದ ನನ್ನ ಹೈಸ್ಕೂಲ್ ಮೇಷ್ಟ್ರ ಬಳಿ ಸಂಕಟ ತೋಡಿಕೊಂಡೆ. ‘ಮೀನು ಬಿಡೋಕೆ ಮುಂಚೆ ಬ್ಯಾಕ್ಟೀರಿಯಾ ಬೆಳೆಸಿದ್ದೇನೋ?’ ಎಂದರು.

ಮೀನಿನ ಕಿವಿರಿನಿಂದ, ಉಳಿದ ಆಹಾರ ಕೊಳೆಯುವುದರಿಂದ ನೀರಿಗೆ ಅಮೋನಿಯಾ ಸೇರುತ್ತದೆ. ಕಣ್ಣಿಗೆ ಕಾಣದ ವಿಷ ಅದು. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ, ಮೀನಿನ ರಕ್ತ ಆಮ್ಲಜನಕ ಒಯ್ಯದಂತೆ ತಡೆಯುತ್ತದೆ. ಇನ್ನೊಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟನ್ನು ನೈಟ್ರೇಟ್ ಆಗಿಸುತ್ತದೆ. ಅದರಿಂದ ಅಷ್ಟು ಅಪಾಯವಿಲ್ಲ, ಆಗಾಗ ಒಂದಿಷ್ಟು ನೀರು ಬದಲಿಸಿದರಾಯಿತು. ಈ ಬ್ಯಾಕ್ಟೀರಿಯಾ ಫಿಲ್ಟರಿನ ಸ್ಪಂಜಿಗೆ, ಜಲ್ಲಿಗೆ ಅಂಟಿಕೊಂಡು ನಿಧಾನವಾಗಿ ಬೆಳೆಯುತ್ತವೆ. ನನ್ನ ಹೊಸ ತೊಟ್ಟಿಯಲ್ಲಿ ಅವಿನ್ನೂ ನೆಲೆಯೂರಿರಲಿಲ್ಲ.

ಶೇಂಗಾ ಬೆಳೆಯುವ ಅಪ್ಪ ಇದನ್ನು ಕೇಳಿ ನಕ್ಕ. ‘ಹಸಿ ಸಗಣಿ ಹಾಕಿದ್ರೆ ಬೆಳೆ ಸುಟ್ಟೋಗಲ್ವೇನೋ? ತಿಪ್ಪೇಲಿ ಕಳೀಬೇಕು, ಆಮೇಲೆ ಹೊಲಕ್ಕೆ.’

ಈ ಸಲ ಮೀನು ತರಲಿಲ್ಲ. ಖಾಲಿ ತೊಟ್ಟಿಯಲ್ಲಿ ಫಿಲ್ಟರ್ ಹಗಲೂ ರಾತ್ರಿ ಓಡಿಸಿದೆ. ಬ್ಯಾಕ್ಟೀರಿಯಾಕ್ಕೂ ಉಸಿರು ಬೇಕಲ್ಲ. ಕರೆಂಟ್ ಹೋದಾಗ ಬ್ಯಾಟರಿಯ ಏರ್ ಪಂಪ್ ಹಾಕಿದೆ. ಅಮೋನಿಯಾ ಹುಟ್ಟಲೆಂದು ದಿನವೂ ಚಿಟಿಕೆ ಮೀನಿನ ಆಹಾರ ಉದುರಿಸಿದೆ. ಪರಿಚಯದವರ ಹಳೇ ತೊಟ್ಟಿಯಿಂದ ಒಂದು ತುಂಡು ಸ್ಪಂಜು ತಂದು ಫಿಲ್ಟರಿಗೆ ಸೇರಿಸಿದೆ. ಹೆಪ್ಪು ಹಾಕಿದ ಹಾಗೆ. ‘ಇಲ್ಲದ ಮೀನಿಗೆ ಊಟ ಹಾಕ್ತಾನೆ’ ಎಂದು ಓಣಿಯವರು ನಕ್ಕರು. ಕೆಲಸವಿಲ್ಲದವನಿಗೆ ಆ ಮಾತು ಚುಚ್ಚಿತು.

ಟೆಸ್ಟ್ ಕಿಟ್ ತರಿಸಿ ನೋಡುತ್ತಿದ್ದೆ. ಮೊದಲು ಅಮೋನಿಯಾ ಏರಿತು. ಮೂರನೇ ವಾರ ಅದು ಇಳಿದು ನೈಟ್ರೈಟ್ ಏರಿತು. ಐದನೇ ವಾರ ಎರಡೂ ಸೊನ್ನೆ! ಅರ್ಧ ನೀರು ಬದಲಿಸಿ, ನಮ್ಮ ಗಡಸು ನೀರಿಗೆ ಒಗ್ಗುವ ಗಪ್ಪಿ ಮೀನುಗಳಲ್ಲಿ ಮೂರನ್ನು ಮಾತ್ರ ಬಿಟ್ಟೆ. ಸ್ಪಂಜನ್ನು ಈಗಲೂ ನಲ್ಲಿ ನೀರಲ್ಲಿ ಉಜ್ಜಿ ತೊಳೆಯುವುದಿಲ್ಲ. ತೊಟ್ಟಿಯಿಂದ ತೆಗೆದ ನೀರಲ್ಲೇ ಮೆಲ್ಲಗೆ ಹಿಂಡುತ್ತೇನೆ.

ಮೂರು ಗಪ್ಪಿಗಳೂ ಚೆನ್ನಾಗಿವೆ. ನನ್ನ ಫಲಿತಾಂಶ ಇನ್ನೂ ಬಂದಿಲ್ಲ. ‘ಮಗ ಏನ್ ಮಾಡ್ತಿದ್ದಾನೆ?’ ಎಂದು ಯಾರಾದರೂ ಕೇಳಿದರೆ ಅಪ್ಪ ಈಗ ಹೇಳುವುದು ಒಂದೇ ಮಾತು: ‘ಗೊಬ್ಬರ ಕಳೀತಾ ಐತೆ, ಬಿಡಿ.’