ದವಡೆ ಕೀಲಿನ ನೋವಿಗೆ ಸ್ಪ್ಲಿಂಟ್ ಎಷ್ಟು ನೆರವಾದೀತು?

ಬೆಳಿಗ್ಗೆ ಎದ್ದಾಗ ಕೆನ್ನೆ ಬಿಗಿದಂತಿರುತ್ತದೆಯೇ? ಆಕಳಿಸಿದರೆ ಕಿವಿಯ ಬಳಿ ‘ಟಕ್’ ಎಂಬ ಸದ್ದು ಬರುತ್ತದೆಯೇ? ರೊಟ್ಟಿ ಅಗಿಯುವಾಗ ಕಿವಿಯೊಳಗೇ ನೋವಾದಂತೆ ಅನಿಸುತ್ತದೆಯೇ? ಹಾಗಿದ್ದರೆ ನಿಮ್ಮ ತೊಂದರೆ ಕಿವಿಯದ್ದಾಗಲೀ ಹಲ್ಲಿನದ್ದಾಗಲೀ ಅಲ್ಲದೆ, ಕಿವಿಯ ಮುಂದಿರುವ ದವಡೆ ಕೀಲಿನದ್ದಾಗಿರಬಹುದು.

ಗೌರಿಬಿದನೂರು ತಾಲ್ಲೂಕಿನ ತೊಂಡೇಬಾವಿಯ ಗೃಹಿಣಿಯೊಬ್ಬರಿಗೆ ಇಂತಹ ನೋವು ಬಂದಿದೆ ಎಂದಿಟ್ಟುಕೊಳ್ಳಿ. ಮನೆಯವರು ಮೊದಲು ಕಿವಿಗೆ ಬೆಚ್ಚನೆಯ ಎಣ್ಣೆ ಬಿಡುತ್ತಾರೆ. (ದಯವಿಟ್ಟು ಇದನ್ನು ಮಾಡಬೇಡಿ.) ಆಮೇಲೆ ಕಿವಿಗೆ ಔಷಧಿ. ಅದಕ್ಕೂ ಬಗ್ಗದಿದ್ದರೆ ಗೌರಿಬಿದನೂರಿಗೆ ಹೋಗಿ ಹಲ್ಲು ಕೀಳಿಸುವುದೂ ಆಗುತ್ತದೆ. ಹಲ್ಲು ಹೋಯಿತು, ನೋವು ಉಳಿಯಿತು. ಕೊನೆಗೆ ರೈಲು ಹತ್ತಿ ದೊಡ್ಡಬಳ್ಳಾಪುರ, ಯಲಹಂಕ ದಾಟಿ ಬೆಂಗಳೂರಿಗೆ ಬಂದರೆ ‘ಸ್ಪ್ಲಿಂಟ್ ಹಾಕಿಸಬೇಕು’ ಎಂಬ ಸಲಹೆ ಸಿಗುತ್ತದೆ. ಅದೇನು, ಅದರಿಂದ ಎಷ್ಟು ಗುಣ ನಿರೀಕ್ಷಿಸಬಹುದು ಎಂಬುದು ಮೊದಲೇ ತಿಳಿದಿದ್ದರೆ ಹಣವೂ ಉಳಿದೀತು, ಹಲ್ಲೂ ಉಳಿದೀತು.

ಕೆಳದವಡೆಯ ಎರಡು ತುದಿಗಳು ಎಡಬಲ ಕಿವಿಗಳ ಮುಂದೆ ತಲೆಬುರುಡೆಯ ಕುಳಿಗಳಲ್ಲಿ ಕೂತಿರುತ್ತವೆ. ನಡುವೆ ಮೆತ್ತೆಯಂತಹ ತೆಳುವಾದ ಬಿಲ್ಲೆಯೊಂದಿದೆ. ಎರಡೂ ಕಿವಿಗಳ ಮುಂದೆ ಬೆರಳಿಟ್ಟು ನಿಧಾನವಾಗಿ ಬಾಯಿ ತೆರೆದು ನೋಡಿ. ಮೂಳೆ ಮೊದಲು ತಿರುಗಿ, ಬಳಿಕ ಮುಂದಕ್ಕೆ ಜಾರುವುದು ಬೆರಳಿಗೇ ತಿಳಿಯುತ್ತದೆ. ಬಿಲ್ಲೆ ತನ್ನ ಜಾಗದಿಂದ ಮುಂದಕ್ಕೆ ಸರಿದಿದ್ದರೆ ಬಾಯಿ ತೆರೆದಾಗ ಮೂಳೆ ಅದರ ಮೇಲೇರುತ್ತದೆ. ಆಗ ಬರುವುದೇ ‘ಟಕ್’ ಸದ್ದು. ನೋವಿಲ್ಲದೆ ಬರೀ ಸದ್ದಿದ್ದರೆ ಚಿಕಿತ್ಸೆಯ ಅಗತ್ಯವಿಲ್ಲ. ಆರೋಗ್ಯವಂತರಲ್ಲೂ ಅದು ಸಾಕಷ್ಟು ಮಂದಿಗೆ ಇರುತ್ತದೆ.

ಅಮೆರಿಕದ ಕಿವಿ-ಮೂಗು-ಗಂಟಲು ವೈದ್ಯ ಜೇಮ್ಸ್ ಕಾಸ್ಟನ್ 1934ರಲ್ಲೇ ಕಿವಿನೋವು, ಕಿವಿಮೊರೆತಗಳಿಗೂ ಈ ಕೀಲಿಗೂ ನಂಟಿದೆ ಎಂದು ಬರೆದರು. ಹಲ್ಲು ಬಿದ್ದು ದವಡೆಗಳ ಹೊಂದಿಕೆ ಕೆಡುವುದೇ ಕಾರಣ ಎಂಬುದು ಅವರ ವಾದ. ಈ ವಾದದ ನೆರಳಿನಲ್ಲೇ ಹಲ್ಲು ತೇದು ಕೂಡಿಕೆ ಸರಿಪಡಿಸುವ ಚಿಕಿತ್ಸೆ ಬಹುಕಾಲ ನಡೆಯಿತು. ಇಂದಿನ ತಿಳಿವಳಿಕೆ ಬೇರೆ. ಹೆಚ್ಚಿನವರಲ್ಲಿ ನೋವು ಹುಟ್ಟುವುದು ಅಗಿಯುವ ಸ್ನಾಯುಗಳಲ್ಲಿ. ನಿದ್ದೆಯಲ್ಲಿ ಹಲ್ಲು ಕಡಿಯುವುದು, ಹಗಲಿನಲ್ಲಿ ಅರಿವಿಲ್ಲದೆ ಹಲ್ಲು ಬಿಗಿ ಹಿಡಿಯುವುದು, ಮನಸ್ಸಿನ ಒತ್ತಡ, ನಿದ್ರೆಗೇಡು, ದವಡೆಗೆ ಬಿದ್ದ ಪೆಟ್ಟು ಇವೆಲ್ಲ ಸೇರಿಕೊಳ್ಳುತ್ತವೆ. ಗಂಡಸರಿಗಿಂತ ಹೆಂಗಸರಲ್ಲಿ, ಅದರಲ್ಲೂ 20ರಿಂದ 40ರ ವಯಸ್ಸಿನವರಲ್ಲಿ ಇದು ಹೆಚ್ಚಾಗಿ ಕಂಡುಬರುತ್ತದೆ.

ಸ್ಪ್ಲಿಂಟ್ ಎಂದರೆ ಒಂದು ಸಾಲಿನ ಹಲ್ಲುಗಳಿಗೆ ಹೊದಿಸುವ, ತೆಗೆದು ಹಾಕಬಹುದಾದ ಪಾರದರ್ಶಕ ಕವಚ. ವೈದ್ಯರು ಹಲ್ಲುಸೆಟ್ಟಿಗೆ ತೆಗೆಯುವಂತೆಯೇ ಬಾಯಿಯ ಅಚ್ಚು ತೆಗೆದು, ಗಾರೆಯ ಪಡಿಯಚ್ಚಿನ ಮೇಲೆ ಗಟ್ಟಿ ಅಕ್ರಿಲಿಕ್‌ನಲ್ಲಿ ಅದನ್ನು ತಯಾರಿಸುತ್ತಾರೆ. ಬಳಿಕ ಬಣ್ಣದ ಕಾಗದ ಕಚ್ಚಿಸಿ, ಎಲ್ಲ ಹಲ್ಲುಗಳೂ ಸಮನಾಗಿ ತಾಗುವಂತೆ ಉಜ್ಜಿ ಸರಿಪಡಿಸುತ್ತಾರೆ. ಈ ಸರಿಪಡಿಸುವಿಕೆಯೇ ಮುಖ್ಯ ಕೆಲಸ. ಕೊಟ್ಟು ಕಳಿಸಿ ಮತ್ತೆ ಬರಹೇಳದಿದ್ದರೆ ನೀವೇ ಕೇಳಿ. ಸಾಮಾನ್ಯವಾಗಿ ರಾತ್ರಿ ಮಾತ್ರ ಹಾಕಿಕೊಳ್ಳಬೇಕು. ಮೊದಲ ಕೆಲವು ದಿನ ಜೊಲ್ಲು ಹೆಚ್ಚುತ್ತದೆ, ಆಮೇಲೆ ಒಗ್ಗುತ್ತದೆ. ಬೆಳಿಗ್ಗೆ ಬ್ರಷ್‌ನಿಂದ ತಣ್ಣೀರಿನಲ್ಲಿ ತೊಳೆದು ಡಬ್ಬಿಯಲ್ಲಿಡಿ. ಬಿಸಿನೀರಿಗೆ ಹಾಕಿದರೆ ಸೊಟ್ಟಗಾಗುತ್ತದೆ.

ಮುಂದಿನ ಹಲ್ಲುಗಳನ್ನಷ್ಟೇ ಮುಚ್ಚುವ ಚಿಕ್ಕ ಕವಚವನ್ನು ತಿಂಗಳುಗಟ್ಟಲೆ ಹಗಲಿರುಳು ಹಾಕಿಕೊಂಡರೆ ಕೂಡಿಕೆಯೇ ಬದಲಾಗಬಹುದು. ಆದ್ದರಿಂದ ಎಲ್ಲ ಹಲ್ಲುಗಳನ್ನೂ ಹೊದಿಸುವ ಸ್ಪ್ಲಿಂಟ್ ಲೇಸು.

ಇದರಿಂದ ಗುಣವಾಗುತ್ತದೆಯೇ? ಉತ್ತರ ಅಂಗಡಿಯವನ ಉತ್ತರದಷ್ಟು ಸುಲಭವಲ್ಲ. ಹಲ್ಲು ಕಡಿಯುವವರ ಹಲ್ಲು ಸವೆಯದಂತೆ ಅದು ಕಾಯುತ್ತದೆ, ಇದರಲ್ಲಿ ಅನುಮಾನವಿಲ್ಲ. ಬೆಳಗಿನ ಬಿಗಿತ ಕಡಿಮೆಯಾಯಿತೆಂದು ಹಲವರು ಹೇಳುತ್ತಾರೆ. ಆದರೆ ದೀರ್ಘಕಾಲದ ನೋವಿನ ಬಗ್ಗೆ 2023ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಮಾರ್ಗಸೂಚಿ ದವಡೆಯ ವ್ಯಾಯಾಮ, ಅಂಗಮರ್ದನದ ಬಗೆಯ ಕೈಚಿಕಿತ್ಸೆ, ಮನಸ್ಸಿನ ಒತ್ತಡವನ್ನು ನಿಭಾಯಿಸುವ ತರಬೇತಿಗಳಿಗೆ ಮೊದಲ ಮಣೆ ಹಾಕಿತು. ತೆಗೆದು ಹಾಕುವ ಸ್ಪ್ಲಿಂಟಿನ ಬಗ್ಗೆ ಅದರದ್ದು ಹಿಂಜರಿಕೆಯ ಮಾತು. ಮತ್ತೆ ಮೊದಲಿನಂತೆ ಮಾಡಲಾಗದ ಚಿಕಿತ್ಸೆಗಳನ್ನಂತೂ ಬೇಡವೇ ಬೇಡ ಎಂದಿದೆ. ಹೀಗಾಗಿ ನನ್ನ ಸಲಹೆ ಇಷ್ಟು: ಹಲ್ಲು ಕಡಿಯುವ ಅಭ್ಯಾಸವಿದ್ದರೆ ಸ್ಪ್ಲಿಂಟ್ ಹಾಕಿಸಿಕೊಳ್ಳಿ, ಆದರೆ ಅದೊಂದನ್ನೇ ನಂಬಬೇಡಿ. ನೋವಿಗೆಂದು ಒಳ್ಳೆಯ ಹಲ್ಲುಗಳನ್ನು ತೇಯಿಸಿ ಕ್ಯಾಪ್ ಹಾಕಿಸಲು ಯಾರಾದರೂ ಹೇಳಿದರೆ ಇನ್ನೊಬ್ಬ ವೈದ್ಯರನ್ನು ಕೇಳದೆ ಒಪ್ಪಬೇಡಿ. ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಬಳಿ ಸರ್ಕಾರಿ ದಂತ ಕಾಲೇಜಿದೆ. ಎರಡನೆಯ ಅಭಿಪ್ರಾಯ ಪಡೆಯಲು ಅದೂ ಒಂದು ದಾರಿ.

ಮನೆಯಲ್ಲಿ ಏನು ಮಾಡಬಹುದು?

ಹೆಚ್ಚಿನವರ ನೋವು ಕೆಲವು ವಾರಗಳಲ್ಲಿ ಸರಳ ಆರೈಕೆಯಿಂದಲೇ ಇಳಿಯುತ್ತದೆ. ಊಟದ ಹೊತ್ತು ಬಿಟ್ಟರೆ ಮೇಲಿನ ಕೆಳಗಿನ ಹಲ್ಲುಗಳು ಒಂದಕ್ಕೊಂದು ತಾಗಿರಬಾರದು. ತುಟಿ ಮುಚ್ಚಿರಲಿ, ಹಲ್ಲು ಬಿಟ್ಟಿರಲಿ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಕೆನ್ನೆಗೆ ಹತ್ತು ನಿಮಿಷ ಶಾಖ ಕೊಡಿ. ನಾಲಿಗೆಯ ತುದಿಯನ್ನು ಅಂಗುಳಿಗೆ ತಾಗಿಸಿಕೊಂಡೇ ಬಾಯಿಯನ್ನು ನಿಧಾನವಾಗಿ, ದವಡೆ ಪಕ್ಕಕ್ಕೆ ವಾಲದಂತೆ ತೆರೆದು ಮುಚ್ಚುವ ಅಭ್ಯಾಸವನ್ನು ದಿನಕ್ಕೆ ಹಲವು ಬಾರಿ ಮಾಡಿ. ಕನ್ನಡಿಯ ಮುಂದೆ ನಿಂತರೆ ಸುಲಭ.

ಆಹಾರದ ವಿಷಯದಲ್ಲಿ ನಮ್ಮ ಬಯಲುಸೀಮೆಯವರು ಪುಣ್ಯವಂತರು. ರಾಗಿಮುದ್ದೆಯನ್ನು ಅಗಿಯುವಂತೆಯೇ ಇಲ್ಲ, ನುಂಗಬೇಕು. ತುತ್ತು ಮಾತ್ರ ಚಿಕ್ಕದಿರಲಿ, ಬಾಯಿ ಅಗಲ ತೆರೆಯಬಾರದು. ಮೆತ್ತನೆಯ ಅನ್ನ, ಸೊಪ್ಪಿನ ಸಾರು, ಇಡ್ಲಿ ಎಲ್ಲವೂ ಸರಿ. ಕಬ್ಬು, ಹುರಿಗಾಳು, ಕೋಡುಬಳೆ, ನಿಪ್ಪಟ್ಟುಗಳನ್ನು ಕೆಲವು ವಾರ ದೂರವಿಡಿ. ಸಂಕ್ರಾಂತಿಯ ಮರುದಿನ ದವಡೆ ನೋವೆಂದು ಬರುವವರಿಗೆ ನಾವು ಮೊದಲು ಕೇಳುವುದು ಕಬ್ಬಿನ ಲೆಕ್ಕವನ್ನೇ!

ಬಾಯಿ ತೆರೆಯಲಾಗದ್ದೆಲ್ಲ ಈ ಕಾಯಿಲೆಯಲ್ಲ. ನಿಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದರಂತೆ ನಿಲ್ಲಿಸಿ ಮುಂಬಲ್ಲುಗಳ ನಡುವೆ ಇಡಲಾಗುತ್ತದೆಯೇ ನೋಡಿ. ಆಗದಿದ್ದರೆ, ಜೊತೆಗೆ ಖಾರ ತಿಂದಾಗ ಬಾಯಿ ಉರಿಯುತ್ತಿದ್ದರೆ, ಅಡಿಕೆ ಅಥವಾ ಗುಟ್ಕಾದ ಅಭ್ಯಾಸವಿದ್ದರೆ ಅದು ಕೆನ್ನೆಯ ಒಳಪದರ ನಾರುಗಟ್ಟುವ ಕಾಯಿಲೆ. ಅದು ಮುಂದೆ ಕ್ಯಾನ್ಸರ್‌ಗೆ ತಿರುಗಬಹುದು; ಯಾವ ಸ್ಪ್ಲಿಂಟೂ ಅದಕ್ಕೆ ಮದ್ದಲ್ಲ. ಜ್ವರ, ಕೆನ್ನೆಯ ಊತ ಇದ್ದರೆ ಬುದ್ಧಿಹಲ್ಲಿನ ಸೋಂಕಿರಬಹುದು. ನಡೆದಾಗ, ಮೆಟ್ಟಿಲು ಹತ್ತಿದಾಗ ದವಡೆ ನೋವು ಬಂದು ವಿಶ್ರಾಂತಿಯಿಂದ ಇಳಿದರೆ, ಇಲ್ಲವೆ ಅದರೊಡನೆ ಎದೆ ಹಿಡಿದಂತಾಗಿ ಬೆವರು ಬಂದರೆ ದಂತವೈದ್ಯರನ್ನು ಹುಡುಕಬೇಡಿ, ತಕ್ಷಣ ಹೃದಯದ ತಪಾಸಣೆಗೆ ಹೋಗಿ.

ಆಕಳಿಸಿದಾಗ ಬಾಯಿ ತೆರೆದೇ ನಿಂತುಬಿಟ್ಟರೆ ಗಾಬರಿ ಬೇಡ. ಕೆನ್ನೆಗೆ ಗುದ್ದಿ ಕೂರಿಸಲು ಹೋಗಬೇಡಿ. ಗದ್ದಕ್ಕೆ ಬಟ್ಟೆಯ ಆಸರೆ ಕೊಟ್ಟು ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ. ತಿಳಿದ ವೈದ್ಯರು ಕೈಯಿಂದಲೇ ಅದನ್ನು ಸ್ವಸ್ಥಾನಕ್ಕೆ ತರುತ್ತಾರೆ. ಒಮ್ಮೆ ಜಾರಿದ ಕೀಲು ಮತ್ತೆ ಜಾರುವುದುಂಟು. ಅಂಥವರು ಆಕಳಿಕೆ ಬಂದಾಗಲೆಲ್ಲ ಗದ್ದದ ಕೆಳಗೆ ಮುಷ್ಟಿ ಒತ್ತಿಟ್ಟುಕೊಳ್ಳಬೇಕು.