ಅಪರಾಧಶಾಸ್ತ್ರದಲ್ಲಿ ಪಿಎಚ್.ಡಿ. ಪ್ರವೇಶ

ಅಪರಾಧಶಾಸ್ತ್ರವೆಂದೊಡನೆ ಪೋಲೀಸು ಚಾಕರಿಯೆಂದೇ ನಮ್ಮ ಭಾಗದ ಹಿರಿಯರು ಭಾವಿಸುವುದುಂಟು. ತಪ್ಪು ಏಕೆ ಘಟಿಸಿತು, ನ್ಯಾಯ ಹೇಗೆ ನಡೆಯಿತು ಎಂಬುದನ್ನು ವಿಚಾರಿಸುವ ಶಾಸ್ತ್ರವದು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿಯೂ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದಲ್ಲಿಯೂ ಇದರ ವಿಭಾಗಗಳಿವೆ.

ವಿಶ್ವವಿದ್ಯಾಲಯ ಅನುದಾನ ಆಯೋಗದ 2022ರ ನಿಯಮದಂತೆ, ಸ್ನಾತಕೋತ್ತರ ಪದವಿಯಲ್ಲಿ ಶೇಕಡಾ 55 ಅಂಕಗಳು ಬೇಕು. ಪರಿಶಿಷ್ಟರೇ ಮೊದಲಾದವರಿಗೆ ಶೇಕಡಾ 5ರ ರಿಯಾಯಿತಿಯುಂಟು. ಬಳಿಕ ಪ್ರವೇಶ ಪರೀಕ್ಷೆ, ಸಂದರ್ಶನ. ವ್ಯಾಸಂಗದ ಅವಧಿ ಕನಿಷ್ಠ 3 ವರ್ಷ.

ಆದರೆ ಸಂದರ್ಶನದಲ್ಲಿ ತೂಗುವುದು ಸಂಶೋಧನೆಯ ವಿಷಯ. ‘ಅಪರಾಧ ಮತ್ತು ಸಮಾಜ’ ಎಂಬಂಥ ಹರಹಿನ ಶೀರ್ಷಿಕೆ ಹೊತ್ತು ಹೋದವರು ಮೊದಲ ಪ್ರಶ್ನೆಗೇ ತಡವರಿಸುವರು. ಏಕಸಂಬಿಯ ವಿದ್ಯಾರ್ಥಿಗಾದರೋ ವಿಷಯ ಹೊಸ್ತಿಲಲ್ಲಿಯೇ ಇದೆ. ದೂಧಗಂಗೆಯನ್ನು ದಾಟಿದರೆ ಕೊಲ್ಲಾಪುರ ಜಿಲ್ಲೆ. ರಾಜ್ಯ ಬೇರೆ, ಠಾಣೆಯ ಭಾಷೆ ಬೇರೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಂತೆ, ಗಂಭೀರ ಕೃತ್ಯ ಎಲ್ಲಿಯೇ ನಡೆದಿರಲಿ, ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ಆಚೆಯ ದಂಡೆಯಲ್ಲಿ ಮರಾಠಿಯಲ್ಲಿ ಬರೆದುಕೊಂಡ ದೂರು ಈಚೆಯ ಠಾಣೆಗೆ ಎಷ್ಟು ದಿನಕ್ಕೆ ತಲುಪುತ್ತದೆ? ಕನ್ನಡಕ್ಕೆ ಯಾರು ತರುತ್ತಾರೆ? ಅಷ್ಟರಲ್ಲಿ ಸಾಕ್ಷ್ಯದ ಗತಿಯೇನು? ಎರಡೂ ನುಡಿ ಬಲ್ಲ ಗಡಿನಾಡಿನ ಮಕ್ಕಳು ಇದನ್ನು ದಾಖಲೆಗಳಿಂದಲೂ ದೂರುದಾರರ ಮಾತಿನಿಂದಲೂ ಶೋಧಿಸಬಲ್ಲರು. ಅರ್ಜಿಗೆ ಮೊದಲೇ ಪ್ರಸ್ತಾವವನ್ನು ಮಾರ್ಗದರ್ಶಕರಿಗೆ ತೋರಿಸುವುದು ಲೇಸು. ದಾಖಲೆ ನೋಡಲು ಇಲಾಖೆಯ ಅನುಮತಿ ಬೇಕು. ವಕೀಲಿಯಲ್ಲಿಯೂ ಪೋಲೀಸು ಸೇವೆಯಲ್ಲಿಯೂ ಇರುವ ಹಳೆಯ ವಿದ್ಯಾರ್ಥಿಗಳು ಅದಕ್ಕೆ ದಾರಿ ಹೇಳಬಹುದು.