ನೀಲಿ ನೆತ್ತರಿನ ಕಡಲಜೀವಿ

ತಾಮ್ರದ ಬಿಂದಿಗೆಯನ್ನು ಹುಣಿಸೆಹಣ್ಣು ಹಾಕಿ ತಿಕ್ಕದೆ ಬಿಟ್ಟರೆ ಹಸಿರು-ನೀಲಿ ಕಿಲುಬು ಕಟ್ಟುತ್ತೆ, ನಮಗೆಲ್ಲ ಗೊತ್ತು. ಅದೇ ತಾಮ್ರವನ್ನು ರಕ್ತದಲ್ಲಿ ತುಂಬಿಕೊಂಡು ಬದುಕುವ ಪ್ರಾಣಿಯೂ ಇದೆ ಅಂದರೆ ನಂಬ್ತೀರಾ, ಸೋದರಿಯರೇ?

ಅದರ ಹೆಸರು ಜೈಂಟ್ ಕೀಹೋಲ್ ಲಿಂಪೆಟ್. ಬಸವನಹುಳುವಿನ ದೂರದ ನೆಂಟ. ಅಮೆರಿಕದ ಕ್ಯಾಲಿಫೋರ್ನಿಯಾದಿಂದ ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾವರೆಗೆ ಪೆಸಿಫಿಕ್ ಕಡಲಂಚಿನ ಬಂಡೆಗಳೇ ಇದರ ಮನೆ. ಬೋರಲು ಹಾಕಿದ ಬಟ್ಟಲಿನಂಥ ಚಿಪ್ಪು; ಚಿಪ್ಪನ್ನು ಬಹುಪಾಲು ಮುಚ್ಚಿಕೊಂಡ ಮೆತ್ತನೆಯ ಮೈ. ಗೇಣುದ್ದಕ್ಕಿಂತ ತುಸು ಕಡಿಮೆ.

ಚಿಪ್ಪಿನ ನೆತ್ತಿಯಲ್ಲಿ ಬೀಗದ ತೂತಿನಂಥ ಒಂದು ರಂಧ್ರ. ಹಳೇ ಅಡುಗೆಮನೆಯ ಗವಾಕ್ಷಿ ನೆನಪಿದೆಯಲ್ಲ? ಹಾಗೇ ಇದು. ಚಿಪ್ಪಿನ ಕೆಳಗಿಂದ ಒಳಬಂದ ನೀರು ಕಿವಿರುಗಳನ್ನು ಹಾದು, ಮೈಯ ಕೊಳೆಯನ್ನೂ ಹೊತ್ತು ಆ ತೂತಿನಿಂದ ಆಚೆ ಹೋಗುತ್ತೆ.

ನಮ್ಮ ರಕ್ತದಲ್ಲಿ ಪ್ರಾಣವಾಯು ಹೊರೋದು ಕಬ್ಬಿಣದ ಅಂಶ, ಅದಕ್ಕೇ ಕೆಂಪು. ಇದರಲ್ಲಿ ತಾಮ್ರ, ಅದಕ್ಕೇ ನೀಲಿ. ಆ ನೀಲಿ ಪ್ರೋಟೀನನ್ನು ವೈದ್ಯರು ಕೆ.ಎಲ್.ಎಚ್. ಅಂತಾರೆ.

ಇದರಿಂದ ಏನುಪಯೋಗ? ಪುಟ್ಟ ಹುಡುಗ ಒಬ್ಬನೇ ನಡೆದು ಬಂದರೆ ಬೀದಿಯಲ್ಲಿ ಯಾರೂ ತಿರುಗಿ ನೋಡೋದಿಲ್ಲ. ಆನೆ ಮೇಲೆ ಕೂತು ಬಂದರೆ? ಊರೆಲ್ಲ ಆಚೆ ಬರುತ್ತೆ! ಹಾಗೆಯೇ ಕೆಲವು ಸಣ್ಣ ಅಣುಗಳನ್ನು ನಮ್ಮ ದೇಹದ ರೋಗನಿರೋಧಕ ಶಕ್ತಿ ಗಮನಿಸುವುದಿಲ್ಲ. ಅವನ್ನು ಈ ಭಾರೀ ಪ್ರೋಟೀನಿಗೆ ಅಂಟಿಸಿ ಕೊಟ್ಟರೆ ದೇಹ ಎಚ್ಚೆತ್ತುಕೊಳ್ಳುತ್ತೆ. ಲಸಿಕೆಗಳ ಸಂಶೋಧನೆಯಲ್ಲಿ ಇದರ ಕೆಲಸ ಇದೇ.

1974ರಲ್ಲಿ ಅಮೆರಿಕದ ವೈದ್ಯರು ಇನ್ನೊಂದು ಸಂಗತಿ ವರದಿ ಮಾಡಿದರು. ಮೂತ್ರಕೋಶದ ಕ್ಯಾನ್ಸರ್ ಆಗಿದ್ದವರಿಗೆ ಕೆ.ಎಲ್.ಎಚ್. ಕೊಟ್ಟಾಗ ಗಡ್ಡೆ ಮತ್ತೆ ಮರಳೋದು ಕಡಿಮೆಯಾಗಿತ್ತು. ಆದರೂ ಈ ರೋಗದಲ್ಲಿ ಇಂದು ಹೆಚ್ಚು ಬಳಕೆಯಲ್ಲಿರೋದು ಬಿ.ಸಿ.ಜಿ.; ನಮ್ಮ ಮಕ್ಕಳಿಗೆ ಕ್ಷಯ ಬಾರದಂತೆ ಹಾಕಿಸ್ತೀವಲ್ಲ, ಅದೇ. ಅಂದ ಹಾಗೆ, ಮೂತ್ರದಲ್ಲಿ ರಕ್ತ ಕಂಡರೆ, ನೋವಿಲ್ಲದಿದ್ದರೂ, ಸಂಕೋಚಪಟ್ಟು ಮುಚ್ಚಿಡಬೇಡಿ. ಕೂಡಲೇ ವೈದ್ಯರಿಗೆ ತೋರಿಸಿ.

ಈ ಪ್ರೋಟೀನು ಬಹಳ ದೊಡ್ಡದು, ಗೋಜಲಿನದು. ಕಾರ್ಖಾನೆಯಲ್ಲಿ ತಯಾರಿಸೋದು ಸುಲಭವಲ್ಲ. ಈ ಪ್ರಾಣಿಯಿಂದಲೇ ಪಡೀಬೇಕು. ಪ್ರಾಣಿಯಿರೋದೋ ಆ ಒಂದೇ ಕರಾವಳಿಯಲ್ಲಿ. ಸಿಕ್ಕಷ್ಟನ್ನೂ ಹಿಡಿದು ರಕ್ತ ಬಸಿಯುತ್ತಾ ಹೋದರೆ ಎಷ್ಟು ದಿನ ಉಳಿದಾವು? ಅದಕ್ಕೇ ಕೊಲ್ಲದೆ, ಸ್ವಲ್ಪವೇ ರಕ್ತ ತೆಗೆದು, ಮತ್ತೆ ನೀರಿಗೆ ಬಿಡುವ ಕ್ರಮವನ್ನು ಕಂಡುಕೊಂಡಿದ್ದಾರೆ. ಕ್ಯಾಲಿಫೋರ್ನಿಯಾದಲ್ಲಿ ಕಡಲ ನೀರಿನ ತೊಟ್ಟಿಗಳಲ್ಲಿ ಮೊಟ್ಟೆಯಿಂದಲೇ ಇವನ್ನು ಸಾಕಿ ಬೆಳೆಸಿದ್ದೂ ಉಂಟು.

ಹಸು ಎಷ್ಟೇ ಹಾಲು ಕೊಡಲಿ, ಕರುವಿನ ಪಾಲು ಬಿಟ್ಟೇ ಕರೆಯಬೇಕು ಅಂತಿದ್ದರು ನಮ್ಮ ಹಿರಿಯರು. ದೂರದ ಕಡಲಿನ ಈ ಮೂಕಪ್ರಾಣಿಗೂ ಆ ಮಾತು ಸಲ್ಲುತ್ತೆ, ಅಲ್ಲವೇ?